‘ಅಪ್ರಕಟಿತ’ ಎಂಬ ವಿಶೇಷಣ: ಕನ್ನಡ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪ್ರಬಂಧಗಳ ಶೋಧ ಮತ್ತು ಉಲ್ಲೇಖ

ಕನ್ನಡ ಭಾಷಾವಿಜ್ಞಾನದ ಲೇಖನಗಳ ಕೊನೆಯ ಪುಟಗಳಲ್ಲಿ ‘ಅಪ್ರಕಟಿತ ಪಿಎಚ್.ಡಿ. ಮಹಾಪ್ರಬಂಧ’ ಎಂಬ ಪದಪುಂಜ ಎಷ್ಟು ಸಹಜವಾಗಿ ಬಂದು ಕುಳಿತಿರುತ್ತದೆಯೆಂದರೆ, ಅದನ್ನು ಓದುವುದನ್ನೇ ನಾವು ಬಿಟ್ಟಿದ್ದೇವೆ. ಮೇಲುನೋಟಕ್ಕೆ ಆ ವಿಶೇಷಣ ತಿಳಿಸುವುದು ಒಂದು ಸರಳ ಸಂಗತಿಯನ್ನು: ಈ ಕೃತಿ ಅಚ್ಚಾಗಿಲ್ಲ. ಅದು ಹೇಳದೆಯೇ ಹೇಳುವ ಮಾತು ಬೇರೆ: ಈ ಕೃತಿಯನ್ನು ನೀವು ನೋಡುವುದು ಕಷ್ಟ, ಆದ್ದರಿಂದ ಅದರ ಬಗ್ಗೆ ನಾನು ಹೇಳಿದ್ದನ್ನು ನಂಬಿಕೊಳ್ಳಿ. ಪುಟಸಂಖ್ಯೆಯಿಲ್ಲದ, ಯಾವ ಪ್ರತಿಯನ್ನು ನೋಡಲಾಯಿತೆಂದು ಹೇಳದ ಇಂತಹ ಉಲ್ಲೇಖಗಳು ಆಧಾರವನ್ನು ಒದಗಿಸುವುದಕ್ಕಿಂತ ಹೆಚ್ಚಾಗಿ ಆಧಾರದ ಬಾಗಿಲನ್ನು ಮುಚ್ಚುತ್ತವೆ ಎಂಬುದು ಈ ಲೇಖನದ ವಾದ. ವಾದಕ್ಕೆ ಬೇಕಾದ ಮೊದಲ ಸಾಕ್ಷಿಯನ್ನು ನಾನು ನನ್ನ ಪ್ರಬಂಧದಿಂದಲೇ ಕೊಡಬೇಕಾಗಿದೆ. ಅದಕ್ಕೆ ಮುನ್ನ ಈ ವಿಷಯ ನಮ್ಮ ಶಾಸ್ತ್ರಕ್ಕೆ ಏಕೆ ಮುಖ್ಯವೆಂಬುದನ್ನು ನೆನಪಿಸಿಕೊಳ್ಳಬೇಕು.

ಶಾಸನಗಳ ಕನ್ನಡದ ವ್ಯಾಕರಣವನ್ನು ಕುರಿತು ನಮಗಿರುವ ಶಿಸ್ತಿನ ತಿಳಿವಳಿಕೆಯ ತಳಪಾಯ ಬಹುಮಟ್ಟಿಗೆ ಪದವಿಗಾಗಿ ಬರೆದ ಪ್ರಬಂಧಗಳದ್ದು. ಆರು ಮತ್ತು ಏಳನೆಯ ಶತಮಾನಗಳ ಶಾಸನಗಳನ್ನು ಕುರಿತ ಎ. ಎನ್. ನರಸಿಂಹಯ್ಯನವರ ಕೃತಿ 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಅದರ ಮೂಲ ಲಂಡನ್ನಿನಲ್ಲಿ ಸಲ್ಲಿಸಿದ ಪ್ರಬಂಧ. ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳನ್ನು ಮಾತ್ರ ಆಧರಿಸಿದ ಜಿ. ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದಿತು. ಅದು ಆ ಸಂಸ್ಥೆಯ ಡಿಸರ್ಟೇಶನ್ ಸರಣಿಯ ಮೊದಲ ಸಂಪುಟ. ಸರಣಿಯ ಹೆಸರೇ ಪುಸ್ತಕದ ಹುಟ್ಟನ್ನು ಹೇಳುತ್ತದೆ. ಮುಂದಿನ ಅವಧಿಗೆ, ಅಂದರೆ 1000ದಿಂದ 1400ರವರೆಗಿನ ಕೊಡಗು ಮತ್ತು ಕನ್ನಡ ಜಿಲ್ಲೆಗಳ ಶಾಸನಗಳಿಗೆ, ಕೆ. ಕುಶಾಲಪ್ಪ ಗೌಡರ ವ್ಯಾಕರಣ 1972ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಬಂದಿತು. ಭಾಷೆಯಿಂದ ಆಚೆಗೆ ಸಂಸ್ಕೃತಿಯ ಕಡೆ ತಿರುಗಿದರೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೂ 1966ರಲ್ಲಿ ಪುಸ್ತಕವಾಗುವ ಮೊದಲು ಪಿಎಚ್.ಡಿ. ಪ್ರಬಂಧವಾಗಿತ್ತು. ಇವೆಲ್ಲ ಅಚ್ಚಿನ ಭಾಗ್ಯ ಕಂಡವು. ಕಾಣದೆ ಉಳಿದವು, ಅದರಲ್ಲೂ ಉಪಭಾಷೆಗಳನ್ನು ಕುರಿತವು, ವಿಭಾಗಗಳ ಕಪಾಟುಗಳಲ್ಲಿವೆ.

ಹೊರಗಿನ ಭಾಷಾವಿಜ್ಞಾನದಲ್ಲೂ ಸ್ಥಿತಿ ಬೇರೆಯಲ್ಲ. ವಾಕ್ಯರಚನೆಯಲ್ಲಿ ‘ದ್ವೀಪ’ಗಳ ಚರ್ಚೆಯನ್ನು ಆರಂಭಿಸಿದ ಜಾನ್ ರಾಬರ್ಟ್ ರಾಸ್ ಅವರ ಪ್ರಬಂಧ 1967ರಲ್ಲಿ ಎಂಐಟಿಗೆ ಸಲ್ಲಿಕೆಯಾಯಿತು, ಪುಸ್ತಕವಾದದ್ದು 1986ರಲ್ಲಿ. ನಡುವಿನ ಹತ್ತೊಂಬತ್ತು ವರ್ಷ ಅದು ಪ್ರತಿಗಳ ಪ್ರತಿಗಳಾಗಿ ಕೈಯಿಂದ ಕೈಗೆ ಹೋಯಿತು, ಮತ್ತು ಇಂದಿಗೂ ವಿದ್ವಾಂಸರು ಉಲ್ಲೇಖಿಸುವುದು 1967ನ್ನೇ. ಅಲ್ಲಿ ‘ಅಪ್ರಕಟಿತ’ ಎಂಬುದು ದಾರಿಯನ್ನು ಮುಚ್ಚಲಿಲ್ಲ. ಏಕೆಂದರೆ ಇಂಡಿಯಾನಾ ವಿಶ್ವವಿದ್ಯಾನಿಲಯದ ಭಾಷಾವಿಜ್ಞಾನ ಕ್ಲಬ್ಬಿನಂತಹ ವ್ಯವಸ್ಥೆಗಳು ಅಗ್ಗದ ಪ್ರತಿಗಳನ್ನು ಹಂಚುತ್ತಿದ್ದವು. 1938ರಿಂದ ಆನ್ ಆರ್ಬರ್‌ನ ಯೂನಿವರ್ಸಿಟಿ ಮೈಕ್ರೋಫಿಲ್ಮ್ಸ್ ಪ್ರಬಂಧಗಳಿಗೆ ಕ್ರಮಸಂಖ್ಯೆಯನ್ನೂ ಸಾರಾಂಶವನ್ನೂ ಕೊಡುತ್ತ ಬಂದಿತ್ತು. ಹಾಗಾಗಿ ಅಲ್ಲಿನ ಆಕರಸೂಚಿಯಲ್ಲಿ ಪ್ರಬಂಧವೊಂದು ಬಂದರೆ ಅದು ಎಲ್ಲಿದೆಯೆಂಬ ಸೂಚನೆಯೂ ಅದರ ಜೊತೆಗೇ ಬರುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ. ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ, ಕನ್ನಡದ ಒಂದು ಗ್ರಾಮೀಣ ಪ್ರಭೇದದಲ್ಲಿ ಳಕಾರವು ಸಂಪೂರ್ಣವಾಗಿ ಲಕಾರದಲ್ಲಿ ವಿಲೀನವಾಗಿದೆಯೆಂದು ಬರೆದು, ಆಧಾರವಾಗಿ 1970ರ ದಶಕದ ಕೊನೆಯ ಒಂದು ಪ್ರಬಂಧವನ್ನು ಉಲ್ಲೇಖಿಸಿದ್ದೆ. ಆ ಪ್ರಬಂಧವನ್ನು ನಾನು ನೋಡಿರಲಿಲ್ಲ. ನೋಡಿದ್ದು ಅದನ್ನು ಉಲ್ಲೇಖಿಸಿದ್ದ ಒಂದು ಲೇಖನವನ್ನು. ನಡುವಿನ ಆ ಲೇಖನದ ಹೆಸರನ್ನು ಬಿಟ್ಟು ನೇರವಾಗಿ ಪ್ರಬಂಧಕ್ಕೇ ಕೈ ತೋರಿಸಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಯಾರೂ ಈ ಬಗ್ಗೆ ಕೇಳಲಿಲ್ಲ. ‘ಅಪ್ರಕಟಿತ’ ಎಂದು ಬರೆದಿದ್ದರೆ ಕೇಳುವವರು ಕಡಿಮೆ.

ಪದವಿ ಬಂದ ಮೂರು ವರ್ಷಗಳ ಬಳಿಕ ಬೇರೆ ಕೆಲಸಕ್ಕೆಂದು ಆ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಮೂಲ ಪ್ರತಿ ಕೈಗೆ ಸಿಕ್ಕಿತು. ಗ್ರಂಥಾಲಯದಲ್ಲಲ್ಲ, ಅಲ್ಲಿನ ಸೂಚಿಯಲ್ಲಿ ಅದರ ಹೆಸರಿತ್ತು, ಕಪಾಟಿನಲ್ಲಿ ಅದು ಇರಲಿಲ್ಲ. ವಿಭಾಗದ ಹಳೆಯ ಉಪನ್ಯಾಸ ಕೊಠಡಿಯ ಬೀರುವಿನಲ್ಲಿತ್ತು. ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ಪ್ರಬಂಧ. ಟೈಪ್‌ರೈಟರಿನಲ್ಲಿ ಮೂರ್ಧನ್ಯ ವ್ಯಂಜನಗಳ ಕೆಳಗಿನ ಚುಕ್ಕಿ ಇಲ್ಲವಾದ್ದರಿಂದ ಸಂಶೋಧಕರು ಪ್ರತಿಯೊಂದು ಚುಕ್ಕಿಯನ್ನೂ ನೀಲಿ ಶಾಯಿಯಲ್ಲಿ ಕೈಯಿಂದ ಇಟ್ಟಿದ್ದರು. ಅನುಬಂಧದ ಪದಪಟ್ಟಿಯಲ್ಲಿ ‘ಬೆಳೆ’ಗೂ ‘ಬೆಲೆ’ಗೂ ಚುಕ್ಕಿಯಿಲ್ಲ, ಎರಡೂ ಒಂದೇ, ಆದರೆ ‘ಹಳ್ಳಿ’ಗೆ ಚುಕ್ಕಿಗಳಿವೆ, ‘ಹಲ್ಲಿ’ಗೆ ಇಲ್ಲ. ಅಂದರೆ ಒಂಟಿ ಳಕಾರ ಮಾತ್ರ ವಿಲೀನವಾಗಿದೆ, ಇಮ್ಮಡಿಸಿದ ಳಕಾರ ಉಳಿದಿದೆ. ಧ್ವನಿಮಾ ಅಧ್ಯಾಯದಲ್ಲಿ ಇದನ್ನು ಅರ್ಧ ಪುಟದಷ್ಟು ವಿವರಿಸಲಾಗಿತ್ತು.

ಲೇಖನ ಬರೆದವರಿಗೆ ಪತ್ರ ಬರೆದೆ. ಅವರು ಬಹಳ ಸೌಜನ್ಯದಿಂದ, ತಮ್ಮ ಬಳಿ ಇದ್ದದ್ದು ಪದಪಟ್ಟಿಯ ನೆರಳಚ್ಚು ಮಾತ್ರವೆಂದು ತಿಳಿಸಿ ಅದರ ಒಂದು ಪ್ರತಿಯನ್ನೂ ಕಳಿಸಿದರು. ಆ ಕಾಲದ ನೆರಳಚ್ಚು ಯಂತ್ರಗಳು ತಿಳಿನೀಲಿಯನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಒಂದು ಚುಕ್ಕಿಯೂ ಮೂಡಿರಲಿಲ್ಲ. ಸಂಪೂರ್ಣ ವಿಲೀನವೆಂದು ನಾನು ಬರೆದಿದ್ದ ಧ್ವನಿಬದಲಾವಣೆ ಒಂದು ಯಂತ್ರದ ದೃಷ್ಟಿದೋಷವಾಗಿತ್ತು. ಬದಲಾವಣೆಗಳ ಅನುಕ್ರಮವನ್ನು ಕುರಿತ ನನ್ನ ವಾದದ ಒಂದು ಮೆಟ್ಟಿಲು ಅಲ್ಲಿಗೆ ಕುಸಿಯಿತು. ಏಕೆಂದರೆ ನಿಬಂಧನೆಯಿಲ್ಲದ ವಿಲೀನಕ್ಕೂ ಪರಿಸರಬದ್ಧ ವಿಲೀನಕ್ಕೂ ಚಾರಿತ್ರಿಕ ಫಲಿತಾಂಶಗಳು ಬೇರೆ.

ಈ ಪ್ರಸಂಗದಲ್ಲಿ ನನ್ನ ಸೋಮಾರಿತನದ ಪಾಲು ದೊಡ್ಡದೆಂಬುದನ್ನು ಒಪ್ಪುತ್ತೇನೆ. ಆದರೆ ಅಂಕೀಕರಣದಿಂದ ಈ ಬಗೆಯ ತಪ್ಪು ತಾನಾಗಿ ನಿಲ್ಲುತ್ತದೆಂಬ ನಂಬಿಕೆಯನ್ನು ಒಪ್ಪಲಾರೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಾವಳಿ, ಪದವಿ ಘೋಷಣೆಯಾದ ಮೂವತ್ತು ದಿನಗಳೊಳಗೆ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಧಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಇಂದು ದೇಶದ ಪ್ರಬಂಧಗಳ ಅತಿ ದೊಡ್ಡ ಮುಕ್ತ ಭಂಡಾರ. ಅದಕ್ಕೆ ಮೊದಲು ನಮಗಿದ್ದದ್ದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ಹೊರತಂದ ಡಾಕ್ಟರೇಟ್ ಪ್ರಬಂಧಗಳ ಗ್ರಂಥಸೂಚಿ ಮತ್ತು ಅದೇ ಸಂಘದ ‘ಯೂನಿವರ್ಸಿಟಿ ನ್ಯೂಸ್’ ವಾರಪತ್ರಿಕೆಯಲ್ಲಿ ಬರುತ್ತಿದ್ದ ಪಟ್ಟಿಗಳು. ಹಳೆಯ ಪ್ರಬಂಧವನ್ನು ಹುಡುಕುವ ವಿದ್ಯಾರ್ಥಿ ಇಂದಿಗೂ ಆ ಸಂಪುಟಗಳಿಂದಲೇ ಆರಂಭಿಸುವುದು ಒಳ್ಳೆಯದು. ಶೋಧಗಂಗಾದಲ್ಲಿ ಸಿಗಲಿಲ್ಲವೆಂದರೆ ಪ್ರಬಂಧವೇ ಇಲ್ಲವೆಂದು ತೀರ್ಮಾನಿಸುವ ಅಭ್ಯಾಸ ಹೊಸ ಪೀಳಿಗೆಯಲ್ಲಿ ಬೇರೂರುತ್ತಿದೆ.

ಭಂಡಾರದಲ್ಲಿ ಇರುವುದು ಒಂದು, ಸಿಗುವುದು ಇನ್ನೊಂದು. ಕನ್ನಡದಲ್ಲಿ ಬರೆದ ಪ್ರಬಂಧಗಳ ವಿಷಯದಲ್ಲಿ ಈ ಅಂತರ ದೊಡ್ಡದು. ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತ ಕಣ್ಣಿಗೆ ಕನ್ನಡ, ಗಣಕಕ್ಕೆ ರೋಮನ್ ಚಿಹ್ನೆಗಳ ಅರ್ಥವಿಲ್ಲದ ಸಾಲು. ಅದರೊಳಗೆ ‘ವಿಭಕ್ತಿ’ ಎಂದು ಹುಡುಕಿದರೆ ಏನೂ ಬರುವುದಿಲ್ಲ. ನಕಲಿಸಿ ಅಂಟಿಸಿದರೆ ಕಸ ಬರುತ್ತದೆ. ಯುನಿಕೋಡ್ ಬಂದು ದಶಕಗಳಾದರೂ ಪ್ರಬಂಧದ ಬೆರಳಚ್ಚು ಮಾಡಿಕೊಡುವ ಅಂಗಡಿಗಳು ಹಳೆಯ ವಿನ್ಯಾಸವನ್ನು ಬಿಟ್ಟಿಲ್ಲ. ಪುಟವಿನ್ಯಾಸ ಅದರಲ್ಲೇ ಸುಲಭವೆಂಬುದು ಅವರ ಉತ್ತರ. ಶೋಧಗಂಗಾದ ಸೂಚಿವಿವರದಲ್ಲಿ ಶೀರ್ಷಿಕೆಯನ್ನು ರೋಮನ್ ಲಿಪಿಗೆ ಇಳಿಸಿದಾಗ ತೊಡಕು ಇಮ್ಮಡಿಸುತ್ತದೆ. ‘ಭಾಷೆ’ ಎಂಬ ಒಂದೇ ಪದದಲ್ಲಿ ಮಹಾಪ್ರಾಣ ಸೂಚಿಸುವ ಅಕ್ಷರ ಇರಬಹುದು ಅಥವಾ ಬಿಟ್ಟುಹೋಗಿರಬಹುದು; ದೀರ್ಘಕ್ಕೆ ಒಂದು ಸ್ವರ ಅಥವಾ ಎರಡು; ಷಕಾರಕ್ಕೆ ಎರಡು ಬಗೆ. ಮೂರು ಆಯ್ಕೆಗಳ ಗುಣಾಕಾರದಿಂದಲೇ ಎಂಟು ರೂಪಗಳಾಗುತ್ತವೆ. ಶೀರ್ಷಿಕೆಯಲ್ಲಿ ಐದು ಪದಗಳಿದ್ದರೆ ಹುಡುಕುವವನ ಪಾಡನ್ನು ಊಹಿಸಿಕೊಳ್ಳಬಹುದು. ಲಿಪ್ಯಂತರವನ್ನೇ ವೃತ್ತಿಯಾಗಿಸಿಕೊಂಡ ನಾವು ನಮ್ಮದೇ ಪ್ರಬಂಧದ ಶೀರ್ಷಿಕೆಯನ್ನು ಯಾರೋ ತೋಚಿದಂತೆ ದಾಖಲಿಸಲು ಬಿಟ್ಟಿದ್ದೇವೆ ಎಂಬುದು ಸ್ವಲ್ಪ ನಗು ತರಿಸುವ ಸಂಗತಿ.

ಇದು ಯಾರಿಗೂ ಹೊಳೆಯದ ಸಮಸ್ಯೆಯೇನಾಗಿರಲಿಲ್ಲ. ಶೋಧಗಂಗಾಕ್ಕೆ ಮೊದಲೇ, 2000ದ ಹೊತ್ತಿಗೆ, ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಎಂಬ ಪ್ರಬಂಧ ಭಂಡಾರದ ಯೋಜನೆ ಆರಂಭವಾಗಿತ್ತು. ಕನ್ನಡ ಮತ್ತು ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲೇ, ಯುನಿಕೋಡಿನಲ್ಲಿ ಇಡುವ ಪ್ರಯೋಗವನ್ನು ಅದು ಕೈಗೊಂಡಿತ್ತು. ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದು ಕನ್ನಡ ನಾಡಿನಲ್ಲಿಯೇ. ಅದರ ಪಾಠವನ್ನು ಭಾಷಾವಿಜ್ಞಾನಿಗಳು ಏಕೆ ಕೈಗೆತ್ತಿಕೊಳ್ಳಲಿಲ್ಲ ಎಂದು ನಮ್ಮ ವಿಭಾಗಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕು. ಯುನಿಕೋಡಿನಲ್ಲೇ ಹಳಗನ್ನಡದ ‘ೞ’ ಅಕ್ಷರಕ್ಕೆ ‘ಫ’ ಎಂದು ಓದಿಸುವ ಹೆಸರು ಬಿದ್ದಿದ್ದು, ಅಲ್ಲಿನ ನಿಯಮದಂತೆ ಆ ಹೆಸರನ್ನು ಇನ್ನು ಬದಲಿಸುವಂತೆಯೂ ಇಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಮೇಜಿನ ಬಳಿ ನಾವು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಭಂಡಾರಗಳು ಶಾಶ್ವತವೆಂಬ ಭ್ರಮೆಯೂ ಬೇಡ. ಬ್ರಿಟಿಷ್ ಲೈಬ್ರರಿಯ ‘ಇಥೋಸ್’ ಸೇವೆ ಬ್ರಿಟನ್ನಿನ ಪ್ರಬಂಧಗಳನ್ನು ಹುಡುಕುವವರಿಗೆ ಮೊದಲ ಮೆಟ್ಟಿಲಾಗಿತ್ತು. 2023ರ ಅಕ್ಟೋಬರಿನಲ್ಲಿ ಆ ಗ್ರಂಥಾಲಯದ ಮೇಲೆ ನಡೆದ ಸೈಬರ್ ದಾಳಿಯ ಬಳಿಕ ಅದು ನಿಂತಿತು. ಇಥೋಸ್‌ನ ಕೊಂಡಿಯನ್ನಷ್ಟೇ ಕೊಟ್ಟಿದ್ದ ಉಲ್ಲೇಖಗಳು ಒಂದೇ ದಿನದಲ್ಲಿ ಕುರುಡಾದವು. ಪ್ರಬಂಧದ ವಿಶ್ವವಿದ್ಯಾನಿಲಯ, ವಿಭಾಗ, ವರ್ಷ, ಪುಟಗಳನ್ನು ಬರೆದವರ ಉಲ್ಲೇಖಗಳು ಉಳಿದವು.

ಉಲ್ಲೇಖದ ವಿಧಾನಕ್ಕೆ ಬಂದರೆ ಮೊದಲ ತೊಡಕು ವರ್ಷದ್ದು. ಉಪಭಾಷೆಯ ವಿವರಣೆಗೆ ಮೂರು ವರ್ಷಗಳಿರುತ್ತವೆ: ವಕ್ತೃಗಳ ಮಾತನ್ನು ಸಂಗ್ರಹಿಸಿದ ವರ್ಷ, ಪ್ರಬಂಧ ಸಲ್ಲಿಸಿದ ವರ್ಷ, ಪುಸ್ತಕ ಬಂದ ವರ್ಷ. ನಾವು ಸಾಮಾನ್ಯವಾಗಿ ಬರೆಯುವುದು ಕೊನೆಯದನ್ನು. ಚರ್ಚೆ ವ್ಯಾಕರಣ ಸಿದ್ಧಾಂತದ್ದಾದರೆ ಇದರಿಂದ ಹೆಚ್ಚಿನ ನಷ್ಟವಿಲ್ಲ; ಭಾಷಾ ಬದಲಾವಣೆಯದಾದರೆ ನಷ್ಟವೇ ಎಲ್ಲ. ಲಬೋವ್ ಅವರ ನ್ಯೂಯಾರ್ಕ್ ಅಧ್ಯಯನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಬಂಧವಾಗಿ ಹುಟ್ಟಿ 1966ರಲ್ಲಿ ಪುಸ್ತಕವಾಯಿತು, 2006ರಲ್ಲಿ ಎರಡನೆಯ ಆವೃತ್ತಿ ಕಂಡಿತು. ಆದರೆ ಅಂಗಡಿಗಳ ಸಮೀಕ್ಷೆ ನಡೆದದ್ದು 1962ರ ನವೆಂಬರಿನಲ್ಲಿ. ಅದೇ ಸಮೀಕ್ಷೆಯನ್ನು ಮುಂದೆ ಮರಳಿ ನಡೆಸಿದವರು ಕಾಲವನ್ನು ಎಣಿಸಿದ್ದು ಆ ದಿನದಿಂದ. ಯು. ಪಿ. ಉಪಾಧ್ಯಾಯರ ‘ನಂಜನಗೂಡು ಕನ್ನಡ’ದ ಶೀರ್ಷಿಕೆಪುಟದಲ್ಲಿರುವ 1968 ಅಚ್ಚಿನ ವರ್ಷ. ನಂಜನಗೂಡಿನ ಇಂದಿನ ಮಾತನ್ನು ಅದರೊಡನೆ ಹೋಲಿಸುವವರು ಅರ್ಧ ಶತಮಾನದ ಬದಲಾವಣೆ ಎಂದು ಬರೆಯುವ ಮೊದಲು ಆ ವರ್ಷ ಯಾವುದರದ್ದೆಂದು ಕೇಳಿಕೊಳ್ಳಬೇಕು. ವಕ್ತೃವಿನ ವಯಸ್ಸನ್ನೂ ಕೂಡಿಸಿ ನೋಡಿದರೆ ಲೆಕ್ಕ ಒಂದು ಪೂರ್ತಿ ತಲೆಮಾರಿನಷ್ಟು ಜಾರಬಹುದು.

ಪ್ರಬಂಧ ಪುಸ್ತಕವಾದಾಗ ಏನು ಕಳೆದುಹೋಗುತ್ತದೆಂಬುದು ಇದಕ್ಕೆ ಸೇರಿದ ಪ್ರಶ್ನೆ. ಪ್ರಕಾಶಕರು ಮೊದಲು ಕತ್ತರಿಸುವುದು ಅನುಬಂಧವನ್ನು. ಪದಪಟ್ಟಿ, ವಕ್ತೃಗಳ ವಿವರ, ಕಥನಪಠ್ಯಗಳು, ಪ್ರಶ್ನಾವಳಿ ಇವೆಲ್ಲ ಕಾಗದದ ದಂಡವೆಂದು ಅವರಿಗೆ ತೋರುತ್ತದೆ. ಉಳಿಯುವುದು ಸಿದ್ಧಾಂತಭಾಗ, ಅದೂ ಆ ಕಾಲದ ಪಾರಿಭಾಷಿಕ ಉಡುಪಿನಲ್ಲಿ. ಐವತ್ತು ವರ್ಷಗಳ ಬಳಿಕ ಓದುವವನಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಆದ್ದರಿಂದ ಪುಸ್ತಕ ಬಂದಿದೆ ಎಂಬ ಕಾರಣಕ್ಕೆ ಪ್ರಬಂಧವನ್ನು ಬಿಡುವಂತಿಲ್ಲ, ಮತ್ತು ಎರಡರಲ್ಲಿ ಯಾವುದನ್ನು ನೋಡಲಾಯಿತೆಂದು ಹೇಳದೆ ಇರುವಂತಿಲ್ಲ. ಎಂ.ಫಿಲ್. ಕಿರುಪ್ರಬಂಧಗಳ ಪಾಡು ಇನ್ನೂ ಕಷ್ಟದ್ದು. ಒಂದು ಹೋಬಳಿಯ, ಒಂದು ಸಮುದಾಯದ, ಒಂದು ಕಸುಬಿನ ಪದಗಳನ್ನು ಕುರಿತ ಚಿಕ್ಕ, ನಿಷ್ಠೆಯ ಕೆಲಸಗಳು ಅಲ್ಲಿವೆ. 2022ರ ನಿಯಮಾವಳಿ ಆ ಪದವಿಯನ್ನೇ ನಿಲ್ಲಿಸಿದ ಮೇಲೆ ಅವುಗಳನ್ನು ಕೇಳುವವರು ಇನ್ನೂ ಕಡಿಮೆಯಾಗಿದ್ದಾರೆ.

ಶೈಲಿ ಕೈಪಿಡಿಗಳು ಇಲ್ಲಿ ಸ್ವಲ್ಪಮಟ್ಟಿಗೆ ಮಾತ್ರ ನೆರವಾಗುತ್ತವೆ. ಭಾಷಾವಿಜ್ಞಾನ ಪತ್ರಿಕೆಗಳ ಸಂಪಾದಕರು 2007ರಲ್ಲಿ ಒಪ್ಪಿದ ಏಕೀಕೃತ ಶೈಲಿಪತ್ರದಲ್ಲಿ ‘ಅಪ್ರಕಟಿತ’ ಎಂಬ ಪದಕ್ಕೆ ಜಾಗವೇ ಇಲ್ಲ; ಊರಿನ ಹೆಸರಾದ ಮೇಲೆ ವಿಶ್ವವಿದ್ಯಾನಿಲಯ, ಅದರ ಪಕ್ಕದಲ್ಲಿ ಪ್ರಬಂಧವೆಂಬ ಮಾತು, ಅಷ್ಟೆ. ಎಪಿಎ ಕೈಪಿಡಿಯ ಏಳನೆಯ ಆವೃತ್ತಿ ಪ್ರಬಂಧಗಳನ್ನು ಎರಡು ಬಗೆಯಾಗಿ ನೋಡುತ್ತದೆ: ದತ್ತಸಂಚಯದಲ್ಲೋ ಸಾಂಸ್ಥಿಕ ಭಂಡಾರದಲ್ಲೋ ಸಿಗುವುದು ಪ್ರಕಟಿತ, ವಿಶ್ವವಿದ್ಯಾನಿಲಯದಿಂದ ನೇರವಾಗಿ ಮುದ್ರಿತ ಪ್ರತಿಯನ್ನೇ ಪಡೆಯಬೇಕಾದದ್ದು ಅಪ್ರಕಟಿತ. ಈ ಅಳತೆಯಲ್ಲಿ ಶೋಧಗಂಗಾದಲ್ಲಿರುವ ಯಾವ ಪ್ರಬಂಧವನ್ನೂ ಅಪ್ರಕಟಿತವೆನ್ನುವಂತಿಲ್ಲ. ಹಾಗಿದ್ದೂ ನಮ್ಮ ಆಕರಸೂಚಿಗಳು ಅನ್ನುತ್ತಲೇ ಇವೆ. ವಿಚಿತ್ರವೆಂದರೆ ಕನಿಷ್ಠ ಇಬ್ಬರು ಹೊರ ಪರೀಕ್ಷಕರು ಓದಿದ ಪ್ರಬಂಧಕ್ಕೆ ಆ ಕೀಳರಿಮೆಯ ಚೀಟಿ, ಯಾರೂ ಪರಿಶೀಲಿಸದೆ ಲೇಖಕರ ಖರ್ಚಿನಲ್ಲಿ ಅಚ್ಚಾದ ಪುಸ್ತಕಕ್ಕೆ ಪೂರ್ಣ ಮರ್ಯಾದೆ.

ಈ ಎರಡೂ ಕೈಪಿಡಿಗಳಿಗೆ ಗೊತ್ತಿಲ್ಲದ ಸಂಗತಿಯೆಂದರೆ ನಮ್ಮ ಲಿಪಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಕನ್ನಡದಲ್ಲಿ ಸಲ್ಲಿಸಿದ ಪ್ರಬಂಧವನ್ನು ಇಂಗ್ಲಿಷ್ ಲೇಖನದಲ್ಲಿ ಉಲ್ಲೇಖಿಸುವವರು ಶೀರ್ಷಿಕೆಯನ್ನು ಇಂಗ್ಲಿಷಿಗೆ ಅನುವಾದಿಸಿ ಮೂಲವನ್ನು ಬಿಟ್ಟುಬಿಡುತ್ತಾರೆ. ಆ ಅನುವಾದಿತ ಶೀರ್ಷಿಕೆಯ ಪ್ರಬಂಧ ಲೋಕದ ಯಾವ ಕಪಾಟಿನಲ್ಲೂ ಇಲ್ಲ. ಎರಡು ಭಾಷೆಗಳ ಈ ಪತ್ರಿಕೆಯ ಇಂಗ್ಲಿಷ್ ಭಾಗವೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ನನ್ನ ಹಿಂದಿನ ಲೇಖನವೊಂದು ಅದಕ್ಕೆ ಸಾಕ್ಷಿ. ಮೂಲ ಶೀರ್ಷಿಕೆ ಕನ್ನಡ ಲಿಪಿಯಲ್ಲಿ, ಅದರ ಶಾಸ್ತ್ರೀಯ ಲಿಪ್ಯಂತರ, ಬೇಕೆನಿಸಿದರೆ ಅನುವಾದ, ಈ ಕ್ರಮದಲ್ಲಿ ಬರೆಯಲು ಸಂಪಾದಕರು ಒಪ್ಪಿದರೆ ಒಂದು ಸಾಲು ಹೆಚ್ಚು ಖರ್ಚಾಗುತ್ತದೆ, ಹುಡುಕುವವರ ವಾರಗಳು ಉಳಿಯುತ್ತವೆ. ಶೋಧಗಂಗಾ ಪ್ರತಿ ಪ್ರಬಂಧಕ್ಕೂ 10603 ಎಂದು ಆರಂಭವಾಗುವ ಶಾಶ್ವತ ಗುರುತನ್ನು ಕೊಡುತ್ತದೆ. ಅದನ್ನು ಬರೆಯಬೇಕು, ಬ್ರೌಸರಿನ ಪಟ್ಟಿಯಲ್ಲಿ ಕಂಡ ಉದ್ದನೆಯ ವಿಳಾಸವನ್ನಲ್ಲ. ಅಲ್ಲಿ ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿರುವುದರಿಂದ ಕಡತದ ಪುಟವೇ ಪ್ರಬಂಧದ ಪುಟವಲ್ಲ. ಅಂಚಿನಲ್ಲಿ ಮುದ್ರಿತವಾದ ಸಂಖ್ಯೆಯನ್ನು ಬರೆಯಬೇಕು; ಪದಪಟ್ಟಿಯಾದರೆ ನಮೂದಿನ ಕ್ರಮಸಂಖ್ಯೆಯನ್ನು. ಬೆರಳಚ್ಚು ಕಾಲದ ಪ್ರಬಂಧವಾದರೆ ನೋಡಿದ್ದು ಮೂಲ ಪ್ರತಿಯೋ, ನೆರಳಚ್ಚೋ, ಕಪ್ಪುಬಿಳುಪಿನ ಸ್ಕ್ಯಾನೋ ಎಂದು ಹೇಳದೆ ಅದರ ಧ್ವನಿಲಿಪಿಯನ್ನು ಉದ್ಧರಿಸಬಾರದು. ಇದು ಅತಿಯಾಯಿತೆಂದು ತೋರುವವರು ‘ಹಳ್ಳಿ–ಹಲ್ಲಿ’ಯನ್ನು ನೆನೆಯಬಹುದು. ಹಸ್ತಪ್ರತಿಗಳನ್ನು ಸಂಪಾದಿಸುವವರು ಯಾವ ಪ್ರತಿಯ ಪಾಠವೆಂದು ಹೇಳದೆ ಒಂದು ಅಕ್ಷರವನ್ನೂ ಉದ್ಧರಿಸುವುದಿಲ್ಲ. ಅದೇ ವಿಭಾಗದ ಪಕ್ಕದ ಕೊಠಡಿಯಲ್ಲಿ ಕುಳಿತ ನಮಗೆ ಆ ಶಿಸ್ತು ತಗುಲಲಿಲ್ಲ.

ಕೃತಿಚೌರ್ಯದ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. 2019ರಿಂದ ‘ಶೋಧಶುದ್ಧಿ’ ಯೋಜನೆಯಡಿ ಹೋಲಿಕೆ ಹುಡುಕುವ ತಂತ್ರಾಂಶ ವಿಶ್ವವಿದ್ಯಾನಿಲಯಗಳಿಗೆ ಸಿಗುತ್ತಿದೆ. ಹಳೆಯ ಅಕ್ಷರವಿನ್ಯಾಸದ ಪ್ರಬಂಧದಿಂದ ಇಪ್ಪತ್ತು ಪುಟಗಳನ್ನು ಯುನಿಕೋಡಿನಲ್ಲಿ ಮರುಬೆರಳಚ್ಚು ಮಾಡಿದರೆ ಅಕ್ಷರಗಳನ್ನು ಹೋಲಿಸುವ ಯಂತ್ರಕ್ಕೆ ಅವೆರಡೂ ಬೇರೆ ಬೇರೆ ಭಾಷೆಗಳು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ನನಗೆ ಹೆಚ್ಚು ಕಾಡುವುದು ಕದ್ದವರಿಗಿಂತ ಕಾಣೆಯಾದವರು. ಆ ನೀಲಿ ಚುಕ್ಕಿಗಳನ್ನು ಇಟ್ಟವರು ಮುಂದೆ ಭಾಷಾವಿಜ್ಞಾನದಲ್ಲಿ ಉಳಿಯಲಿಲ್ಲ. ಅವರ ಹೆಸರಿನಲ್ಲಿ ಬೇರೆ ಬರಹ ನನಗೆ ಸಿಕ್ಕಿಲ್ಲ. ಎರಡು ಸಾವಿರದಷ್ಟು ಪದಗಳಿಗೆ ಒಂದೊಂದಾಗಿ ಚುಕ್ಕಿ ಇಟ್ಟು, ಇಡಬಾರದ ಕಡೆ ಇಡದೆ ಬಿಟ್ಟವರ ಕೆಲಸ ನಮ್ಮ ಸಾಹಿತ್ಯದಲ್ಲಿ ಉಳಿದದ್ದು ಅವರು ಹೇಳದ ಮಾತಿನ ಆಧಾರವಾಗಿ.

ನನ್ನ ಪ್ರಬಂಧ ಈಗ ಶೋಧಗಂಗಾದಲ್ಲಿದೆ. ತಿದ್ದುಪಡಿಯ ಒಂದು ಪುಟವನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅದನ್ನು ಮುದ್ರಿತ ಪ್ರತಿಯ ಒಳಹೊದಿಕೆಗೆ ಅಂಟಿಸಿದ್ದಾರೆ. ವಿದ್ಯುನ್ಮಾನ ಪ್ರತಿಗೆ ಅಂಟಿಸಲು ದಾರಿ ಸಿಕ್ಕಿಲ್ಲ. ನಾಲ್ಕನೆಯ ಅಧ್ಯಾಯದ ಳಕಾರದ ವಾಕ್ಯ ಅಲ್ಲಿ ಇನ್ನೂ ಹಾಗೆಯೇ ಇದೆ. ಅದನ್ನು ಉಲ್ಲೇಖಿಸುವವರು ಈ ಲೇಖನವನ್ನೂ ಜೊತೆಗೆ ಉಲ್ಲೇಖಿಸಬೇಕೆಂದು ಕೋರುತ್ತೇನೆ.